ನಾರು, ಗಂಟು, ಜಂತು

ಭೂಮಿ ಮೇಲಿರೋ ಪ್ರಾಣಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ತಲೆ ಎಣಿಸಿದರೆ, ಪ್ರತಿ ಐದರಲ್ಲಿ ನಾಲ್ಕು ಒಂದೇ ಬಳಗದವು. ಆನೆ ಅಲ್ಲ, ಇರುವೆ ಅಲ್ಲ, ಸೊಳ್ಳೆನೂ ಅಲ್ಲ. ನಮ್ಮ ಹಾಸ್ಟೆಲ್‌ನಲ್ಲಿ ಮಲಗಿದವರು ಇದನ್ನ ನಂಬೋದು ಕಷ್ಟ ಅಂತ ಗೊತ್ತು. ಅವು ದುಂಡುಹುಳುಗಳು, ವಿಜ್ಞಾನದವರ ಬಾಯಲ್ಲಿ ನೆಮಟೋಡ್. 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಅಂದಾಜಿನ ಪ್ರಕಾರ ಮೇಲ್ಮಣ್ಣಿನಲ್ಲೇ ಇವುಗಳ ಸಂಖ್ಯೆ 44ರ ಮುಂದೆ 19 ಸೊನ್ನೆ ಹಾಕಿದಷ್ಟು. ತಲೆಗೆ ಹಂಚಿದರೆ ಒಬ್ಬೊಬ್ಬ ಮನುಷ್ಯನಿಗೆ ಸುಮಾರು 6,000 ಕೋಟಿ ಹುಳ. ನನ್ನ ಪಾಲಿನ 6,000 ಕೋಟಿ ಎಲ್ಲಿವೆ ಅಂತ ಯೋಚನೆ ಮಾಡಿದಾಗ ಹುಟ್ಟಿದ್ದು ಈ ಲೇಖನ.

ನಮ್ಮಲ್ಲಿ ಪಿಯುಸಿಲಿ ಬಯಾಲಜಿ ಓದಿ ಆಮೇಲೆ ಇಂಜಿನಿಯರಿಂಗ್‌ಗೆ ಬಂದೋರು ತುಂಬ ಜನ ಇದ್ದೀರಿ. ನಾನೂ ಒಬ್ಬ. ‘ಆಸ್ಕೆಲ್ಮಿಂಥಿಸ್’ ನೆನಪಿದೆಯಾ? ಚಪ್ಪಟೆಹುಳಕ್ಕಿಂತ ಒಂದು ಮೆಟ್ಟಿಲು ಮೇಲೆ, ಎರೆಹುಳಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಉದಾಹರಣೆ: ಆಸ್ಕರಿಸ್, ವುಚೆರೇರಿಯಾ, ಆಂಕೈಲೋಸ್ಟೋಮಾ. ಸಿಇಟಿಗೆ ಅಷ್ಟು ಸಾಕಿತ್ತು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಈ ಹೆಸರುಗಳು ಪಟಪಟ ಬರ್ತಿದ್ದವು. ಆದರೆ ಇದೇ ಬಳಗದ ಹುಳಗಳು ನಮ್ಮ ಮನೆಯವರ ಕಾಲಲ್ಲಿ, ಹೊಲದಲ್ಲಿ, ಹೊಟ್ಟೆಯಲ್ಲಿ ಬೇರೆ ಬೇರೆ ಹೆಸರಿಟ್ಟುಕೊಂಡು ಬದುಕಿವೆ ಅನ್ನೋದು ಆ ಪುಸ್ತಕದಲ್ಲಿ ಇರಲಿಲ್ಲ. ಮನೆಯವರಿಗೆ ಆ ಹುಳಗಳು ಗೊತ್ತು, ಅವೆಲ್ಲ ಒಂದೇ ಬಳಗ ಅಂತ ಗೊತ್ತಿಲ್ಲ. ಒಂದೊಂದಾಗಿ ಹೇಳ್ತೀನಿ.

ಮೊದಲು ಕಾಲು. ನಮ್ಮ ತಾತ ಕುರುಗೋಡು ಕಡೆಯವರು. ದೊಡ್ಡ ಬಸವೇಶ್ವರ ಗುಡಿ ಇರೋ ಕುರುಗೋಡು, ಈಗ ತಾಲೂಕು ಆಗಿದೆ. ತಾತನ ಬಲಗಾಲಿನ ಹರಡಿನ ಹತ್ತಿರ ಒಂದು ಕಲೆ ಇದೆ, ಎಂಟಾಣೆ ನಾಣ್ಯದಷ್ಟು, ಸುತ್ತ ಚರ್ಮ ಸುಕ್ಕಾಗಿದೆ. ಬೈಕಿಂದ ಬಿದ್ದದ್ದೋ ಏನೋ ಅಂತ ಯಾರೂ ಕೇಳಿರಲಿಲ್ಲ. ಒಂದು ದಿನ ಎಣ್ಣೆ ಹಚ್ಚಿಕೊಳ್ಳುವಾಗ ಕೇಳಿದೆ.

“ನಾರು ಎದ್ದಿತ್ತು ತಮ್ಮಾ” ಅಂದ್ರು.

“ನಾರು ಅಂದ್ರೆ?”

“ನಾರುಹುಣ್ಣು. ಆಗ ನಲ್ಲಿ ಎಲ್ಲಿತ್ತು? ಮೆಟ್ಟಿಲು ಬಾವಿ. ಒಳಗಿಳಿದು ಕೊಡ ಮುಳುಗಿಸ್ಬೇಕು. ಎಲ್ಲಾರ ಕಾಲೂ ಅದೇ ನೀರಾಗ, ಎಲ್ಲಾರ ಬಾಯಿಗೂ ಅದೇ ನೀರು.”

ಮೊದಲು ಬೊಬ್ಬೆ, ಬೆಂಕಿ ಇಟ್ಟಂಗೆ ಉರಿ. ಬೊಬ್ಬೆ ಒಡೆದು ಬಿಳಿ ದಾರದ ತುದಿ ಹೊರಗೆ ಬಂತಂತೆ. ಅದನ್ನ ಒಂದು ಕಡ್ಡಿಗೆ ಸುತ್ತಿ, ದಿನಕ್ಕೆ ಇಷ್ಟಿಷ್ಟೇ ಎಳೆಯೋದು. “ಜೋರು ಮಾಡಂಗಿಲ್ಲ. ಒಳಗ ಹರಿದ್ರೆ ಕಾಲು ಕೀವು ತುಂಬಿ ಮಲಗಿಬಿಡ್ತೀಯ.” ಅದು ಪೂರ್ತಿ ಹೊರಗೆ ಬರೋಕೆ ವಾರಗಳೇ ಹಿಡಿದವು. ಆ ವರ್ಷ ಸುಗ್ಗಿ ಕೆಲಸಕ್ಕೆ ಹೋಗೋಕೆ ಆಗಲಿಲ್ಲ, ಮನೇಲಿ ಜೋಳಕ್ಕೆ ತತ್ವಾರ ಆಯಿತು ಅಂತ ತಾತ ಹೇಳಿದರು. ಉರಿಗಿಂತ ಅದೇ ಅವರಿಗೆ ಚೆನ್ನಾಗಿ ನೆನಪಿದೆ.

ಆ ದಾರವೇ ಡ್ರಾಕನ್ಕ್ಯುಲಸ್ ಮೆಡಿನೆನ್ಸಿಸ್, ಗಿನಿ ವರ್ಮ್. ಪಕ್ಕಾ ದುಂಡುಹುಳು. ಹೆಣ್ಣು ಹುಳ ಒಂದು ಮೀಟರ್ ತನಕ ಬೆಳೀತದೆ. ಅದರ ಮರಿಗಳು ನೀರಲ್ಲಿರೋ ಸೈಕ್ಲಾಪ್ಸ್ ಅನ್ನೋ ಸಣ್ಣ ಜೀವಿಯ ಒಳಗೆ ಸೇರ್ತವೆ. ಆ ನೀರು ಕುಡಿದವರ ಹೊಟ್ಟೆಯಿಂದ ಮೈಯೊಳಗೆ ಇಳಿದು, ಸುಮಾರು ಒಂದು ವರ್ಷ ಸದ್ದಿಲ್ಲದೆ ಬೆಳೆದು, ಕಾಲಿಗೆ ಬಂದು ಚರ್ಮ ಸುಡ್ತವೆ. ಉರಿ ತಾಳದೆ ಮನುಷ್ಯ ಕಾಲನ್ನ ನೀರಿಗಿಡ್ತಾನೆ. ಹುಳಕ್ಕೆ ಬೇಕಾಗಿದ್ದೂ ಅದೇ. ಲಕ್ಷಗಟ್ಟಲೆ ಮರಿಗಳನ್ನ ಅದೇ ಬಾವಿಗೆ ಬಿಡ್ತದೆ. ನಮ್ಮ ನೋವನ್ನೇ ತನ್ನ ಗಾಡಿ ಮಾಡಿಕೊಂಡ ಹುಳ ಇದು.

1984ರಲ್ಲಿ ಭಾರತದಲ್ಲಿ ಇದರ ಸುಮಾರು 40,000 ಕೇಸ್‌ಗಳಿದ್ದವು. ರೋಗ ಇದ್ದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಇದಕ್ಕೆ ಲಸಿಕೆ ಇಲ್ಲ, ಹುಳ ಕೊಲ್ಲೋ ಮಾತ್ರೆಯೂ ಇಲ್ಲ. ಹಾಗಿದ್ದರೆ ಹೋಗಿದ್ದು ಹೇಗೆ? ಬಟ್ಟೆಯಲ್ಲಿ ನೀರು ಸೋಸಿ. ಮೆಟ್ಟಿಲು ಬಾವಿಗೆ ಕಟ್ಟೆ ಕಟ್ಟಿ ಸೇದೋ ಬಾವಿ ಮಾಡಿ. ಕೈಪಂಪು ಹಾಕಿ. ನೀರಿಗೆ ಟೆಮೆಫಾಸ್ ಬಿಟ್ಟು ಸೈಕ್ಲಾಪ್ಸ್ ಸಾಯಿಸಿ. ಹುಣ್ಣು ಇದ್ದವರನ್ನ ನೀರಿಗಿಳಿಯದ ಹಾಗೆ ನೋಡಿಕೊಂಡು. ಗಮನಿಸಿ ಸಿವಿಲ್ ಬ್ರಾಂಚಿನ ಗೆಳೆಯರೇ, ಇದರಲ್ಲಿ ಅರ್ಧಕ್ಕರ್ಧ ನಿಮ್ಮ ಕೆಲಸ! 1996ರ ಜುಲೈನಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡದ್ದೇ ದೇಶದ ಕೊನೆಯ ಕೇಸ್. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತ ನಾರುಹುಣ್ಣಿನಿಂದ ಮುಕ್ತ ಅಂತ ಸರ್ಟಿಫಿಕೇಟ್ ಕೊಟ್ಟಿತು. 1986ರಲ್ಲಿ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಜನರಿಗೆ ಬರ್ತಿದ್ದ ರೋಗ 2024ರಲ್ಲಿ ಬಂದದ್ದು 15 ಜನರಿಗೆ. ನಮ್ಮ ಓಣಿಯ ಹುಡುಗರಿಗೆ ಆ ಪದವೇ ಗೊತ್ತಿಲ್ಲ. ಒಂದು ಪದ ಮರೆತು ಹೋದದ್ದಕ್ಕೆ ಖುಷಿ ಪಡಬೇಕಾದ ಸಂದರ್ಭ ಕಡಿಮೆ, ಇದು ಅಂಥದ್ದು.

ಇನ್ನು ಹೊಟ್ಟೆ. ‘ಜಂತು’ ಅನ್ನೋ ಪದಕ್ಕೆ ಕನ್ನಡದಲ್ಲಿ ಎರಡು ಅರ್ಥ. ‘ಜೀವಜಂತು’ ಅಂದರೆ ಎಲ್ಲ ಪ್ರಾಣಿಗಳೂ ಬಂದವು. ಬರೀ ‘ಜಂತು’ ಅಂದರೆ ಹೊಟ್ಟೆಯಲ್ಲಿರೋದು. ಸ್ಕೂಲಲ್ಲಿ ಮಧ್ಯಾಹ್ನ ಊಟ ಆದ ಮೇಲೆ ಕೊಡೋ ಆ ಚೀಪೋ ಮಾತ್ರೆ ನೆನಪಿರಬೇಕಲ್ಲ? ಅದು ಆಲ್ಬೆಂಡಜೋಲ್, 400 ಮಿಲಿಗ್ರಾಂ. 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಅಂತ ಮಾಡಿ, 1ರಿಂದ 19 ವರ್ಷದವರಿಗೆ ಕೊಡ್ತಾರೆ. ನನಗೀಗ 19. ಅಂದರೆ ಸರ್ಕಾರದ ಲೆಕ್ಕದಲ್ಲಿ ನನ್ನ ಮಾತ್ರೆಯ ಕೋಟಾ ಮುಗೀತಾ ಬಂತು. ವೋಟರ್ ಐಡಿ ಬಂದಾಗ ಕೂಡ ದೊಡ್ಡವನಾದೆ ಅಂತ ಇಷ್ಟು ಗಟ್ಟಿಯಾಗಿ ಅನ್ನಿಸಿರಲಿಲ್ಲ.

ಆ ಒಂದು ಮಾತ್ರೆ ಮೂರು ಥರದ ದುಂಡುಹುಳುಗಳಿಗೆ: ಆಸ್ಕರಿಸ್, ಚಾಟಿಹುಳು, ಕೊಕ್ಕೆಹುಳು. ಆಸ್ಕರಿಸ್ ಹೆಣ್ಣು ದಿನಕ್ಕೆ 2 ಲಕ್ಷ ಮೊಟ್ಟೆ ಇಡ್ತದೆ. ಕೊಕ್ಕೆಹುಳು ಬರಿಗಾಲಿನ ಚರ್ಮದಿಂದ ಒಳಗೆ ಬಂದು ಕರುಳಿಗೆ ಕಚ್ಚಿಕೊಂಡು ರಕ್ತ ಕುಡೀತದೆ. ಭತ್ತದ ನಾಟಿಗೆ ಬರಿಗಾಲಲ್ಲಿ ಇಳಿಯೋ ಹೆಣ್ಣುಮಕ್ಕಳಲ್ಲಿ ರಕ್ತ ಕಡಿಮೆ ಅಂತ ಡಾಕ್ಟರ್ ಹೇಳಿದರೆ, ಊಟ ಸರಿ ಮಾಡಲ್ಲ ಅಂತ ಮನೆಯವರು ಅವರನ್ನೇ ಬೈತಾರೆ. ಊಟ ಕಾರಣ ಇರಬಹುದು, ಹುಳವೂ ಇರಬಹುದು. ‘ಹೊಟ್ಟೇಲಿ ಹುಳ’ ಅಂದರೆ ನಾಚಿಕೆ ಅನ್ನೋದು ಬಿಟ್ಟರೆ ಪರೀಕ್ಷೆ ಮಾಡಿಸೋದು ಸುಲಭ.

ಈಗ ಹೊಲ. ನನ್ನ ಅಮ್ಮನ ತವರು ಸಿರುಗುಪ್ಪ ತಾಲೂಕು. ಅಲ್ಲಿ ತುಂಗಭದ್ರಾ ಕಾಲುವೆ ನೀರು, ಎಲ್ಲಿ ನೋಡಿದರೂ ಭತ್ತ. ಮಾವನಿಗೂ ಭತ್ತ ಇದೆ. ಆದರೆ ಕಾಲುವೆ ನೀರು ಏರದ, ಹಗರಿ ಹೊಳೆ ಕಡೆಯ ಒಂದು ಎಕರೆಯಲ್ಲಿ ಬೋರ್ ನೀರು ಹಾಕಿ ಬದನೆ ಬೆಳೀತಾರೆ. ಅಲ್ಲಿ ಎರೆಮಣ್ಣಲ್ಲ, ಮರಳು ಜಾಸ್ತಿ. ಭತ್ತದ ದುಡ್ಡು ಬರೋದು ವರ್ಷಕ್ಕೆ ಒಂದೆರಡು ಸಲ. ಬದನೆ ದುಡ್ಡು ವಾರ ವಾರ ಬರ್ತದೆ. ಮನೆ ನಡೆಯೋದು, ನನ್ನ ಮಾವನ ಮಗಳ ಕಾಲೇಜ್ ಬಸ್ ಪಾಸು, ಎಲ್ಲ ಆ ಒಂದು ಎಕರೆಯಿಂದ.

ಎರಡು ಹಂಗಾಮಿನಿಂದ ಬದನೆ ಏಳಲಿಲ್ಲ. ಬೆಳಿಗ್ಗೆ ಚೆನ್ನಾಗಿರ್ತದೆ, ಮಧ್ಯಾಹ್ನ ಬಾಡ್ತದೆ, ಎಲೆ ಹಳದಿ, ಕಾಯಿ ಸಣ್ಣ. “ಗೊಬ್ಬರ ಹಾಕೀನಿ, ನೀರು ಬಿಟ್ಟೀನಿ, ಇನ್ನೇನು ಮಾಡ್ಲಿ ಅಳಿಯಾ?” ಅಂತ ಫೋನಲ್ಲಿ ಮಾವ ಕೇಳಿದರು. ಗೊಬ್ಬರದ ಅಂಗಡಿಯಲ್ಲಿ ಜಿಂಕ್ ಕೊಟ್ಟರು. ಮುಂದಿನ ವಾರ ಇನ್ನೇನೋ ಬಾಟಲಿ ಕೊಟ್ಟರು. ಯಾರೂ ಗಿಡ ಕಿತ್ತು ನೋಡಲಿಲ್ಲ. ಕೊನೆಗೆ ಊರಿಗೆ ಬಂದ ಒಬ್ಬ ಕೃಷಿ ಅಧಿಕಾರಿ ಒಂದು ಗಿಡ ಕಿತ್ತು, ಬೇರು ನೀರಲ್ಲಿ ಅದ್ದಿ ತೊಳೆದು ತೋರಿಸಿದರು. ಬೇರಿನ ತುಂಬ ಗಂಟು, ರುದ್ರಾಕ್ಷಿ ಸರ ಪೋಣಿಸಿದಂಗೆ. ಬೇರುಗಂಟು ರೋಗ. ಮಾವ ಅದರ ಫೋಟೋ ತೆಗೆದು ವಾಟ್ಸಪ್ಪಲ್ಲಿ ಕಳಿಸಿ, “ಇದಕ್ಕೂ ಜಂತು ಅಂತಾರೆ ಅಳಿಯಾ, ಗಿಡಕ್ಕೆ ಹೊಟ್ಟೆ ಎಲ್ಲಿದೆ?” ಅಂತ ವಾಯ್ಸ್ ಮೆಸೇಜ್ ಹಾಕಿದ್ದರು.

ಪ್ರಶ್ನೆ ಚೆನ್ನಾಗಿದೆ. ಇದು ಮೆಲಾಯ್ಡೊಗೈನ್ ಅನ್ನೋ ದುಂಡುಹುಳು. ಮರಿ ಅರ್ಧ ಮಿಲಿಮೀಟರ್ ಕೂಡ ಇರಲ್ಲ, ಬರಿಗಣ್ಣಿಗೆ ಕಾಣಲ್ಲ. ಬಾಯಲ್ಲಿ ಇಂಜೆಕ್ಷನ್ ಸೂಜಿಯಂಥ ಒಂದು ಟೊಳ್ಳು ಮುಳ್ಳು ಇರ್ತದೆ. ಅದನ್ನ ಬೇರಿನ ಜೀವಕೋಶಕ್ಕೆ ಚುಚ್ಚಿ ತನ್ನ ರಸ ಬಿಡ್ತದೆ. ಆ ರಸದ ಪ್ರಭಾವಕ್ಕೆ ಕೋಶ ತನ್ನ ಕೆಲಸ ಮರೆತು, ಉಬ್ಬಿ, ಹುಳಕ್ಕೆ ಊಟ ಬಡಿಸೋ ಅಡುಗೆಮನೆ ಆಗ್ತದೆ. ಗಿಡಕ್ಕೆ ಹೊಟ್ಟೆ ಇಲ್ಲ ಅಂತ ಹುಳವೇ ಅಲ್ಲೊಂದು ಹೊಟ್ಟೆ ಕಟ್ಟಿಸ್ತದೆ! ನಮ್ಮ ಹವೆಯಲ್ಲಿ ಸುಮಾರು ಒಂದು ತಿಂಗಳಿಗೆ ಒಂದು ಪೀಳಿಗೆ ಮುಗೀತದೆ, ಒಂದೊಂದು ಹೆಣ್ಣು ನೂರಾರು ಮೊಟ್ಟೆ ಇಡ್ತದೆ. ಬೇರಿನ ಕೊಳವೆ ಕಟ್ಟಿದರೆ ನೀರು ಏರಲ್ಲ. ಹಾಗಾಗಿ ನೆಲ ಒದ್ದೆ ಇದ್ದರೂ ಗಿಡ ಬಾಯಾರಿ ಬಾಡ್ತದೆ. ಬದನೆ, ಟೊಮೇಟೊ, ಬೆಂಡೆ, ದಾಳಿಂಬೆ, ನಮ್ಮ ಬಳ್ಳಾರಿಯ ಅಂಜೂರ, ಯಾವುದನ್ನೂ ಇದು ಬಿಡಲ್ಲ. ಮರಳು ಮಣ್ಣಲ್ಲಿ ಓಡಾಡೋಕೆ ಜಾಗ ಸಿಗೋದರಿಂದ ಅಲ್ಲಿ ಹಾವಳಿ ಜಾಸ್ತಿ.

ಕಾಲಿನ ಮೀಟರುದ್ದ ದಾರ, ಕರುಳಿನ ಬಿಳಿ ಹುಳ, ಬೇರಿನ ಕಾಣದ ಚುಕ್ಕೆ, ಮೂರೂ ಒಂದೇ ಬಳಗ ಅಂತ ಹೇಳೋದು ಹೇಗೆ? ಮೈಕಟ್ಟು ನೋಡಬೇಕು. ಇದು ಮೆಕ್ಯಾನಿಕಲ್‌ನವರಿಗೆ ಇಷ್ಟ ಆಗೋ ಭಾಗ. ದುಂಡುಹುಳು ಒಂದು ಪ್ರೆಶರ್ ವೆಸಲ್. ಹೊರಗೆ ಗಟ್ಟಿ ಪೊರೆ, ಒಳಗೆ ಒತ್ತಡದಲ್ಲಿರೋ ದ್ರವ. ಮೂಳೆ ಇಲ್ಲ, ಆ ಒತ್ತಡವೇ ಅಸ್ಥಿಪಂಜರ. ದೊಡ್ಡ ಆಸ್ಕರಿಸ್‌ನಲ್ಲಿ ಪೊರೆಯ ನಾರುಗಳು ಹೈಡ್ರಾಲಿಕ್ ಹೋಸ್‌ನ ಜಾಲರಿ ಥರ ಅಡ್ಡಡ್ಡ ಸುತ್ತಿಕೊಂಡಿರ್ತವೆ, ಉದ್ದಕ್ಕೆ ಹೋಲಿಸಿದರೆ ಸುಮಾರು 75 ಡಿಗ್ರಿ ಕೋನದಲ್ಲಿ. ಹೋಸ್ ಉದ್ದ ಆಗದೆ, ದಪ್ಪ ಆಗದೆ ಸಮವಾಗಿರೋ ಕೋನ 54.7 ಡಿಗ್ರಿ ಅಂತ ಫ್ಲೂಯಿಡ್ ಪವರ್ ಓದಿದವರಿಗೆ ಗೊತ್ತಿರ್ತದೆ. ಹುಳ ಅದಕ್ಕಿಂತ ದೊಡ್ಡ ಕೋನ ಇಟ್ಟುಕೊಂಡಿದೆ. ಹಾಗಾಗಿ ಸ್ನಾಯು ಎಳೆದು ಮೈ ಕುಗ್ಗಿದಾಗ ಒಳಗಿನ ಒತ್ತಡ ಏರ್ತದೆ, ಸ್ನಾಯು ಸಡಿಲಿಸಿದ ಕೂಡಲೇ ಅದೇ ಒತ್ತಡ ಮೈಯನ್ನ ಮತ್ತೆ ಉದ್ದ ಮಾಡ್ತದೆ. ಎರೆಹುಳಕ್ಕೆ ಉದ್ದದ ಸ್ನಾಯು, ಸುತ್ತಿನ ಸ್ನಾಯು ಎರಡೂ ಇವೆ. ದುಂಡುಹುಳಕ್ಕೆ ಉದ್ದದ್ದು ಮಾತ್ರ. ಅದಕ್ಕೇ ಅದು ಹಾವಿನಂತೆ ಬಳುಕ್ತದೆಯೇ ಹೊರತು ಎರೆಹುಳದ ಥರ ಹಿಗ್ಗಿ ಕುಗ್ಗಿ ತೆವಳಲ್ಲ. ಮಿಲಿಮೀಟರಿಂದ ಮೀಟರ್ ತನಕ ಇದೇ ಡಿಸೈನ್.

ಪ್ರಾಣಿಸಾಮ್ರಾಜ್ಯದಲ್ಲಿ ಇವುಗಳ ಜಾಗ ಯಾವುದು ಅನ್ನೋದು ಹಳೇ ಜಗಳ. 1758ರಲ್ಲಿ ಲಿನೇಯಸ್ ಮೆತ್ತಗೆ, ಕಾಲಿಲ್ಲದೆ ಕಂಡದ್ದನ್ನೆಲ್ಲ ‘ವರ್ಮಿಸ್’ ಅನ್ನೋ ಒಂದೇ ಚೀಲಕ್ಕೆ ತುಂಬಿದ. ಆಮೇಲಿನವರು ಒಳಗಿನ ಪೊಳ್ಳು ನೋಡಿ ಮೆಟ್ಟಿಲು ಕಟ್ಟಿದರು, ನಾವು ಬಾಯಿಪಾಠ ಮಾಡಿದ್ದು ಆ ಮೆಟ್ಟಿಲನ್ನೇ. 1997ರಲ್ಲಿ ರೈಬೋಸೋಮ್ ಜೀನ್ ಹೋಲಿಸಿ ನೋಡಿದಾಗ ಮೆಟ್ಟಿಲು ಅಲ್ಲಾಡಿತು. ದುಂಡುಹುಳು ಎರೆಹುಳದ ಹತ್ತಿರದ ನೆಂಟ ಅಲ್ಲವೇ ಅಲ್ಲ. ಅದರ ನೆಂಟರು ಚೇಳು, ಸಿಗಡಿ, ಜಿರಳೆ, ಮಿಡತೆ. ಇವೆಲ್ಲಕ್ಕೂ ಸಮಾನವಾದ ಒಂದು ಗುಣ ಇದೆ: ಬೆಳೆಯುವಾಗ ಪೊರೆ ಕಳಚೋದು. ದುಂಡುಹುಳು ಜೀವನದಲ್ಲಿ ನಾಲ್ಕು ಸಲ ಕಳಚ್ತದೆ. ಆ ಗುಂಪಿಗೆ ಎಕ್ಡೈಸೋಜೋವ ಅಂತ ಹೆಸರಿಟ್ಟರು. ಎರೆಹುಳ ಹೋಗಿ ಬಸವನಹುಳು, ಆಕ್ಟೋಪಸ್ ಇರೋ ಇನ್ನೊಂದು ಮನೆ ಸೇರಿತು.

ನಮ್ಮ ಅಜ್ಜಿ ಜಿರಳೆಗೂ ಹುಳ ಅಂತಾಳೆ, ಹೊಟ್ಟೇಲಿ ಇರೋದಕ್ಕೂ ಹುಳ ಅಂತಾಳೆ. ‘ನೋಡಿ, ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತು’ ಅಂತ ಫಾರ್ವರ್ಡ್ ಮಾಡೋ ಮುಂಚೆ ತಡೀರಿ. ಎರೆಹುಳಕ್ಕೂ ಅಜ್ಜಿ ಹುಳ ಅಂತಾನೇ ಅನ್ನೋದು.

ನೊಬೆಲ್ ಪಟ್ಟಿಯಲ್ಲೂ ಇವಕ್ಕೆ ಜಾಗ ಇದೆ. ಸಿ. ಎಲಿಗನ್ಸ್ ಅನ್ನೋ ಒಂದು ಮಿಲಿಮೀಟರಿನ ಮಣ್ಣುಹುಳ ಯಾರಿಗೂ ತೊಂದರೆ ಕೊಡಲ್ಲ, ಬ್ಯಾಕ್ಟೀರಿಯಾ ತಿಂದುಕೊಂಡಿರ್ತದೆ. ಅದರ ಮೈಯಲ್ಲಿ ಜೀವಕೋಶ ಲೆಕ್ಕ ಹಾಕಿ 959, ಅದರಲ್ಲಿ ನರಕೋಶ 302. 1986ರಲ್ಲೇ ಅದರ ಪೂರ್ತಿ ನರಜಾಲದ ವೈರಿಂಗ್ ಡಯಾಗ್ರಾಂ ಬಂತು. 1998ರಲ್ಲಿ ಪೂರ್ತಿ ಜೀನೋಮ್ ಓದಿಸಿಕೊಂಡ ಮೊದಲ ಬಹುಕೋಶ ಜೀವಿ ಇದೇ. 2002, 2006, 2008, 2024ರ ನೊಬೆಲ್‌ಗಳ ಹಿಂದೆ ಈ ಹುಳ ಇದೆ. 2003ರ ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆ ಒಡೆದು ಹೋದಾಗ ಅದರಲ್ಲಿ ಪ್ರಯೋಗಕ್ಕೆ ಒಯ್ದ ಸಿ. ಎಲಿಗನ್ಸ್ ಇದ್ದವು. ವಾರಗಳ ನಂತರ ಅವಶೇಷದಲ್ಲಿ ಸಿಕ್ಕ ಡಬ್ಬಿ ತೆರೆದರೆ ಹುಳಗಳು ಬದುಕಿದ್ದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಈ ಹುಳದ ಮೇಲೆ ಸಂಶೋಧನೆ ನಡೀತದೆ. 302 ನರಕೋಶದ ಡಯಾಗ್ರಾಂ ಕೈಯಲ್ಲಿದ್ದರೂ ಆ ಹುಳ ಮುಂದೆ ಎತ್ತ ತಿರುಗ್ತದೆ ಅಂತ ಪೂರ್ತಿ ಹೇಳೋಕೆ ಇನ್ನೂ ಆಗಿಲ್ಲ. ಎಐ ಎಲ್ಲ ಗೆದ್ದಾಯ್ತು ಅನ್ನೋ ಸಿಎಸ್ ಗೆಳೆಯರಿಗೆ ಇದನ್ನ ಪ್ರೀತಿಯಿಂದ ಅರ್ಪಿಸ್ತೀನಿ.

ಇದೆಲ್ಲ ಮಾವನ ಹೊಲಕ್ಕೆ ಯಾಕೆ ಬೇಕು ಅಂದರೆ, ಮಣ್ಣಲ್ಲಿರೋ ದುಂಡುಹುಳುಗಳಲ್ಲಿ ಬೇರು ತಿನ್ನೋವು ಒಂದು ಭಾಗ ಮಾತ್ರ. ತುಂಬ ಹುಳಗಳು ಸಿ. ಎಲಿಗನ್ಸ್ ಥರ ಬ್ಯಾಕ್ಟೀರಿಯಾ, ಶಿಲೀಂಧ್ರ ತಿಂದು, ಅದರಲ್ಲಿದ್ದ ಸಾರಜನಕವನ್ನ ಗಿಡಕ್ಕೆ ಸಿಗೋ ರೂಪದಲ್ಲಿ ವಾಪಸ್ ಕೊಡ್ತವೆ. ‘ಎಲ್ಲ ಹುಳ ಸಾಯೋ ಪೌಡರ್’ ಸುರಿದರೆ ಕಳ್ಳನ ಜೊತೆ ಕೂಲಿಯವರೂ ಸಾಯ್ತಾರೆ. ಅಧಿಕಾರಿ ಬೇರೆ ದಾರಿ ಹೇಳಿದರು: ಬೇವಿನ ಹಿಂಡಿ ಹಾಕಿ, ಒಂದು ಹಂಗಾಮು ಚೆಂಡುಹೂ ಬೆಳೀರಿ. ಚೆಂಡುಹೂವಿನ ಬೇರು ಬಿಡೋ ರಾಸಾಯನಿಕ ಈ ಹುಳಕ್ಕೆ ವಿಷ. ಇಲ್ಲಾಂದರೆ ಭತ್ತ ಹಾಕಿ ನೀರು ನಿಲ್ಲಿಸಿ, ಉಸಿರು ಕಟ್ಟಿ ಕಡಿಮೆ ಆಗ್ತವೆ. “ಈ ಮರಳಾಗ ನೀರು ಎಲ್ಲಿ ನಿಲ್ತದೆ ಸಾರ್?” ಅಂತ ಮಾವ ಕೇಳಿದರಂತೆ. ಉಳಿದದ್ದು ಚೆಂಡುಹೂ.

ಕಷ್ಟ ಇರೋದು ಇಲ್ಲೇ. ಚೆಂಡುಹೂ ದಸರಾ, ದೀಪಾವಳಿಗೆ ಸಿಕ್ಕರೆ ದುಡ್ಡು, ತಪ್ಪಿದರೆ ದನಕ್ಕೂ ಬೇಡ. ವಾರ ವಾರದ ಬದನೆ ದುಡ್ಡು ನಾಲ್ಕೈದು ತಿಂಗಳು ಬರಲ್ಲ. ಹಿಂಡಿಯಿಂದ ನಿಜವಾಗಿ ಕಡಿಮೆ ಆಯ್ತಾ, ಹೂವಿಂದಾನಾ ಅಂತ ಗೊತ್ತಾಗಬೇಕಾದರೆ ಸ್ವಲ್ಪ ಜಾಗಕ್ಕೆ ಏನೂ ಹಾಕದೆ ಬಿಡಬೇಕು, ನಾವು ಲ್ಯಾಬಲ್ಲಿ ಕಂಟ್ರೋಲ್ ಅನ್ನೋದು ಅದಕ್ಕೇ ಅಂದೆ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. “ನಿಮ್ಮ ಲ್ಯಾಬ್‌ನಾಗ ಬಿಟ್ಟ ಜಾಗಕ್ಕ ಬಡ್ಡಿ ಕಟ್ತಾರೇನು?” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಚೌಕಾಸಿ ಆಗಿ ಕೊನೆಗೆ ನಾಲ್ಕು ಸಾಲು ಬಿಡೋಕೆ ಒಪ್ಪಿದರು.

ಮುಂದಿನ ಬದನೆ ನಾಟಿ ಆದ ಮೇಲೆ ತಿಂಗಳಿಗೊಮ್ಮೆ ಹತ್ತು ಗಿಡ ಕಿತ್ತು, ಬೇರಿನ ಗಂಟಿಗೆ ಸೊನ್ನೆಯಿಂದ ಐದರ ತನಕ ಅಂಕ ಕೊಟ್ಟು ಬರೆದಿಡೋ ಕೆಲಸ ನನ್ನದು. ಪುಸ್ತಕದಲ್ಲಿ ಕನ್ನಡದಲ್ಲೇ ಕಾಲಂ ಹಾಕಿದ್ದೀನಿ, ಮಾವನಿಗೂ ಅವರ ಮಗಳಿಗೂ ಓದೋಕೆ ಬರಲಿ ಅಂತ. ‘ನೆಮಟೋಡ್’ ಜಾಗದಲ್ಲಿ ಏನು ಬರೀಲಿ ಅಂತ ಕೇಳಿದ್ದಕ್ಕೆ “ಗಂಟುಹುಳ ಅಂತ ಬರಿ” ಅಂದಳು. ಹಾಗೇ ಬರೆದಿದ್ದೀನಿ.

ಓದುವ ನಿಮ್ಮಲ್ಲಿ ಯಾರ ಮನೇಲಾದರೂ ಹೊಲ ಇದ್ದು, ನೀರು ಕೊಟ್ಟರೂ ಗಿಡ ಬಾಡ್ತಿದ್ದರೆ, ಅಂಗಡಿಗೆ ಹೋಗೋ ಮುಂಚೆ ಒಂದು ಗಿಡ ಕಿತ್ತು ಬೇರು ತೊಳೆದು ನೋಡಿ. ಗಂಟು ಕಂಡರೆ ಬೇರು, ಒಂದು ಹಿಡಿ ಮಣ್ಣು ಎರಡನ್ನೂ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಹಗರಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ, ಬಳ್ಳಾರಿಯಿಂದ ದೂರ ಏನಿಲ್ಲ. ನಾಲ್ಕು ಸಾಲಿನ ಲೆಕ್ಕ ಏನಾಯಿತು ಅಂತ ಬದನೆ ಕೊಯ್ಲು ಮುಗಿದ ಮೇಲೆ ಇಲ್ಲೇ ಬರೀತೀನಿ.